ಅಂಗೈಗೆ ಮೊದಲೇ ಗೊತ್ತಿತ್ತು!

ಎರಡು ದಿನಾಂಕ. ಇದಾಗುತ್ತದೋ, ಅದಾಗುತ್ತದೋ? ಡಾಕ್ಟರು ಕೇಳಿದ್ದು ಇಷ್ಟೇ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಆಸ್ಪತ್ರೆ. ಎದುರಿಗೆ ಕೂತಿದ್ದ ರೋಗಿ ಡೈರಿ ತೆಗೆದ, ಹಾಳೆ ತಿರುವಿದ, ಯೋಚನೆಗೆ ತೊಡಗಿದ. ಮೊದಲ ದಿನ ಬಂದರೆ ಯಾವ ಕೆಲಸಕ್ಕೆ ಅಡ್ಡಿ, ಎರಡನೆಯ ದಿನ ಬಂದರೆ ಯಾವ ಭೇಟಿಗೆ ತೀರ ಹತ್ತಿರ, ಆ ಹೊತ್ತಿಗೆ ಹವಾಮಾನ ಹೇಗಿದ್ದೀತು, ಅಕಸ್ಮಾತ್ ಕೆಟ್ಟರೆ ಏನು ಮಾಡುವುದು, ಕೆಡದಿದ್ದರೆ ಯಾವುದು ಮೇಲು? ಹೀಗೆ ಒಂದರ ಹಿಂದೆ ಒಂದು, ಒಂದರ ಹಿಂದೆ ಇನ್ನೊಂದು, ಸುಮಾರು ಅರ್ಧ ಗಂಟೆ! ಅಷ್ಟರಲ್ಲಿ ಒಂದೇ ಒಂದು ತಪ್ಪು ತರ್ಕವಿಲ್ಲ, ಒಂದೇ ಒಂದು ಹುಚ್ಚು ಮಾತಿಲ್ಲ. ಎಲ್ಲವೂ ಸರಿ, ಎಲ್ಲವೂ ಒಪ್ಪತಕ್ಕದ್ದೇ, ಆದರೆ ಮುಗಿಯುವುದೇ ಇಲ್ಲ. ಕೊನೆಗೆ ಡಾಕ್ಟರೇ ಮೆಲ್ಲಗೆ, ಎರಡನೆಯ ದಿನವೇ ಬಂದುಬಿಡಿ ಎಂದರು. ಆಗಲಿ ಎಂದವನೇ ಡೈರಿ ಮುಚ್ಚಿಕೊಂಡು ಎದ್ದು ಹೋದ. ಅರ್ಧ ಗಂಟೆಯ ಆ ಲೆಕ್ಕಾಚಾರವೆಲ್ಲ ಎಲ್ಲಿ ಹೋಯಿತೋ!

ಮಂಕು ಬಡಿದವನಿರಬೇಕು ಎನ್ನುತ್ತೀರಾ? ತಾಳಿ. ಅದರ ಹಿಂದಿನ ದಿನ ಇದೇ ಮನುಷ್ಯ ಹಿಮಗಟ್ಟಿದ ರಸ್ತೆಯಲ್ಲಿ ತಾನೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಬಂದಿದ್ದ. ಮುಂದೆ ಹೋಗುತ್ತಿದ್ದ ಹೆಂಗಸೊಬ್ಬಳ ಕಾರು ಹಿಮದ ಮೇಲೆ ಜಾರಿತು. ಆಕೆ ಗಾಬರಿಯಿಂದ ಬ್ರೇಕ್ ಒತ್ತಿದಳು, ಕಾರು ಗಿರಕಿ ಹೊಡೆದು ರಸ್ತೆ ಪಕ್ಕದ ತಗ್ಗಿಗೆ ಬಿತ್ತು. ಅದನ್ನು ಕಣ್ಣಾರೆ ಕಂಡೂ ಇವನು ಅದೇ ಹಿಮದ ಮೇಲೆ, ಬ್ರೇಕ್ ಮುಟ್ಟದೆ, ನಿರಾಳವಾಗಿ ದಾಟಿ ಬಂದ. ಜಾರುವಾಗ ಬ್ರೇಕ್ ಒತ್ತಬಾರದೆಂಬ ನಿಯಮ ಅವನಿಗೆ ಗೊತ್ತಿತ್ತು. ಎದೆ ಡವಡವ ಎನ್ನಲಿಲ್ಲವಾದ್ದರಿಂದ ಆ ನಿಯಮವನ್ನು ಪಾಲಿಸುವುದು ಸುಲಭವಾಯಿತು.

ಸಾವಿನ ಮೇಲೆ ಗಾಡಿ ನಡೆಸುವಾಗ ಕೈ ನಡುಗದವನಿಗೆ ಮಂಗಳವಾರವೋ ಶುಕ್ರವಾರವೋ ಎಂದು ಆರಿಸಿಕೊಳ್ಳಲು ಆಗುತ್ತಿಲ್ಲ! ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಮನೆಯೊಳಗೆ ಓಡಾಡಿದ್ದೆ. ಎರಡಕ್ಕೂ ಕಾರಣ ಒಂದೇ ಆಗಿತ್ತು. ಅವನ ಮಿದುಳಿನ ಮುಂಭಾಗದಲ್ಲಿ, ಹುಬ್ಬುಗಳ ಹಿಂದೆ, ಒಂದು ಜಾಗಕ್ಕೆ ಪೆಟ್ಟಾಗಿತ್ತು. ಬುದ್ಧಿ ಅಷ್ಟೂ ಉಳಿದಿತ್ತು. ಮಾಯವಾಗಿದ್ದದ್ದು ಭಾವನೆ.

ಈ ಡಾಕ್ಟರು ಅಂಟೋನಿಯೊ ಡಮಾಸಿಯೊ. ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಹುಟ್ಟಿ, ಅಮೆರಿಕಕ್ಕೆ ಬಂದು, ಪತ್ನಿ ಹಾನಾ ಡಮಾಸಿಯೊ ಅವರ ಜೊತೆಗೂಡಿ ಪೆಟ್ಟುಬಿದ್ದ ಮಿದುಳುಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು. 1994ರಲ್ಲಿ ಅವರು ಬರೆದ ಪುಸ್ತಕದ ಹೆಸರೇ ‘ದೇಕಾರ್ತನ ತಪ್ಪು’, ಮನಸ್ಸು ಬೇರೆ, ದೇಹ ಬೇರೆ ಎಂದ ತತ್ತ್ವಜ್ಞಾನಿ ದೇಕಾರ್ತನ ತಪ್ಪು. ಅವರನ್ನು ಈ ದಾರಿಗೆ ಹಚ್ಚಿದವನು ಇನ್ನೊಬ್ಬ ರೋಗಿ. ಗುರುತು ಮರೆಸಲು ಅವನಿಗೆ ಎಲಿಯಟ್ ಎಂದು ಹೆಸರಿಟ್ಟರು.

ಎಲಿಯಟ್‌ಗೆ ಮೂವತ್ತು ದಾಟಿತ್ತು. ಒಳ್ಳೆಯ ಗಂಡ, ಒಳ್ಳೆಯ ತಂದೆ, ಒಳ್ಳೆಯ ಕೆಲಸಗಾರ. ಮೂಗಿನ ಮೇಲ್ಭಾಗದಲ್ಲಿ, ಮಿದುಳಿನ ಪೊರೆಯಲ್ಲಿ ಗಡ್ಡೆಯೊಂದು ಬೆಳೆದು ಮುಂಭಾಗವನ್ನು ಒತ್ತುತ್ತಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ಗಡ್ಡೆ ಹೋಯಿತು, ಅದರ ಜೊತೆಗೆ ಹಾಳಾಗಿದ್ದ ಮಿದುಳಿನ ಭಾಗವೂ ಹೋಯಿತು. ಪರೀಕ್ಷೆ ಮಾಡಿದರೆ ಐಕ್ಯೂ ಸಾಮಾನ್ಯರಿಗಿಂತ ಮೇಲೆ. ನೆನಪು ಚೊಕ್ಕ, ಭಾಷೆ ಚೊಕ್ಕ, ಲೆಕ್ಕ ಚೊಕ್ಕ. ಇಂತಿಂಥ ಸಂದರ್ಭದಲ್ಲಿ ಏನೇನು ಮಾಡಬಹುದು ಎಂದು ಕೇಳಿದರೆ ಸಾಲುಸಾಲು ದಾರಿ ಹೇಳುತ್ತಿದ್ದ, ಒಂದೊಂದರ ಪರಿಣಾಮವನ್ನೂ ವಿವರಿಸುತ್ತಿದ್ದ.

ಬದುಕು ಮಾತ್ರ ನೀರುಪಾಲು! ಬೆಳಿಗ್ಗೆ ಎದ್ದು ಹೊರಡಬೇಕಾದರೆ ಯಾರಾದರೂ ಎಬ್ಬಿಸಿ ಹೊರಡಿಸಬೇಕು. ಕಚೇರಿಯಲ್ಲಿ ಕಾಗದಪತ್ರ ವಿಂಗಡಿಸಲು ಕೊಟ್ಟರೆ ತಾರೀಕಿನ ಪ್ರಕಾರ ಜೋಡಿಸಲೋ, ವಿಷಯದ ಪ್ರಕಾರವೋ, ಗಾತ್ರದ ಪ್ರಕಾರವೋ ಎಂದು ಇಡೀ ಮಧ್ಯಾಹ್ನ ಕಳೆದುಬಿಡುತ್ತಿದ್ದ. ಕೆಲಸ ಹೋಯಿತು. ಬೇಡವೆಂದರೂ ಕೇಳದೆ ಯಾರದೋ ಜೊತೆ ವ್ಯಾಪಾರಕ್ಕಿಳಿದು ಕೂಡಿಟ್ಟದ್ದೆಲ್ಲ ಕಳೆದುಕೊಂಡ. ಮದುವೆ ಮುರಿಯಿತು. ಇನ್ನೊಂದು ಮದುವೆಯಾದ, ಅದೂ ಮುರಿಯಿತು. ಇಷ್ಟನ್ನೂ ಅವನು ಡಮಾಸಿಯೊ ಎದುರು ಕೂತು ಗಂಟೆಗಟ್ಟಲೆ ಹೇಳಿದ, ಯಾರದೋ ಕಥೆ ಹೇಳುವವನ ಹಾಗೆ. ಕೇಳುತ್ತಿದ್ದ ಡಾಕ್ಟರ ಗಂಟಲು ಕಟ್ಟುತ್ತಿತ್ತು, ಹೇಳುತ್ತಿದ್ದವನಿಗೆ ಏನೂ ಇಲ್ಲ. ಸುಡುವ ಮನೆ, ಭೂಕಂಪದಲ್ಲಿ ಕುಸಿದ ಕಟ್ಟಡ, ಮುಳುಗುತ್ತಿರುವ ಮನುಷ್ಯರ ಚಿತ್ರ ತೋರಿಸಿದಾಗ ಎಲಿಯಟ್ ತಾನಾಗಿಯೇ ಹೇಳಿಕೊಂಡ, ಮೊದಲು ಇವನ್ನು ಕಂಡರೆ ಏನೋ ಆಗುತ್ತಿತ್ತು, ಈಗ ಆಗುವುದಿಲ್ಲ ಎಂದು. ಅರಿವಿದೆ, ಅನಿಸುವುದಿಲ್ಲ!

ತಕ್ಕಡಿಯ ಎರಡು ತಟ್ಟೆಗೂ ಸಾಮಾನು ಹೇರಿದ್ದಾರೆ, ಆದರೆ ಯಾವ ಸಾಮಾನಿಗೂ ತೂಕವೇ ಇಲ್ಲ. ಮುಳ್ಳು ಯಾವ ಕಡೆ ವಾಲೀತು? ಎಲಿಯಟ್‌ನ ಸ್ಥಿತಿ ಅದು. ನಾವೆಲ್ಲ ನಿಮಿಷಕ್ಕೊಂದರಂತೆ ಮಾಡುವ ಸಣ್ಣ ಪುಟ್ಟ ಆಯ್ಕೆಗಳಿಗೆ ಆ ತೂಕ ಕೊಡುವುದು ತರ್ಕವಲ್ಲ. ಅದು ಹೊಟ್ಟೆಯೊಳಗಿನ ಒಂದು ಸಣ್ಣ ಅಳುಕು, ಎದೆಯೊಳಗಿನ ಒಂದು ಸಣ್ಣ ಹಿಗ್ಗು.

ನಾವು ಕೇಳಿಕೊಂಡು ಬೆಳೆದದ್ದೇ ಬೇರೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಾರದು ಎಂದು ಹಿರಿಯರು ಎಚ್ಚರಿಸಿದರು. ಕಠೋಪನಿಷತ್ತಿನಲ್ಲಿ ಶರೀರವೇ ರಥ, ಇಂದ್ರಿಯಗಳು ಕುದುರೆ, ಮನಸ್ಸು ಲಗಾಮು, ಬುದ್ಧಿ ಸಾರಥಿ. ಸಾವಿರಾರು ಮೈಲಿ ಆಚೆ ಗ್ರೀಸಿನಲ್ಲಿ ಪ್ಲೇಟೊ ಕೂಡ ಒಬ್ಬ ಸಾರಥಿ, ಎರಡು ಕುದುರೆಗಳ ಚಿತ್ರವನ್ನೇ ಕೊಟ್ಟ. ಎರಡು ನಾಗರಿಕತೆಗೂ ಹೊಳೆದದ್ದು ರಥವೇ ಎಂಬುದು ಅದರಷ್ಟಕ್ಕೆ ಒಂದು ಸೋಜಿಗ. ಎರಡರಲ್ಲೂ ಲಗಾಮು ಬಿಗಿ ಹಿಡಿದರೆ ಗೆದ್ದೆ, ಸಡಿಲ ಬಿಟ್ಟರೆ ಕೆಟ್ಟೆ. ಅದು ಸುಳ್ಳಲ್ಲ. ಆದರೆ ಕುದುರೆ ಬಿಚ್ಚಿಕೊಂಡು ಹೋದ ರಥದಲ್ಲಿ ಕೂತ ಸಾರಥಿಯನ್ನು ಯಾರೂ ಕಂಡಿರಲಿಲ್ಲ, ಅಯೋವಾದಲ್ಲಿ ಕಾಣುವವರೆಗೆ.

ಕುದುರೆಗಳ ಮಾತು ಬಂತು, ಹಾಗಾಗಿ ಫಿನಿಯಸ್ ಗೇಜ್‌ನ ಕಥೆ ಹೇಳದೆ ಮುಂದೆ ಹೋಗಲಾರೆ. 1848ರ ಸೆಪ್ಟೆಂಬರ್ 13. ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಷ್ ಊರಿನ ಬಳಿ ರೈಲು ದಾರಿಗೆ ಬಂಡೆ ಸಿಡಿಸುವ ಕೆಲಸ. ಇಪ್ಪತ್ತೈದು ವರ್ಷದ ಮೇಸ್ತ್ರಿ ಗೇಜ್ ಕುಳಿಯೊಳಗೆ ಮದ್ದು ಜಡಿಯುತ್ತಿದ್ದಾಗ ಕಿಡಿ ಹಾರಿತು. ಮೂರೂವರೆ ಅಡಿಗೂ ಉದ್ದದ, ಆರು ಕಿಲೋ ತೂಕದ ಕಬ್ಬಿಣದ ಸಲಾಕೆ ಎಡಗೆನ್ನೆಯಿಂದ ಹೊಕ್ಕು, ಕಣ್ಣಿನ ಹಿಂದೆ ಹಾದು, ನೆತ್ತಿ ಸೀಳಿಕೊಂಡು ಹೊರಗೆ ಹಾರಿತು. ಗೇಜ್ ಸಾಯಲಿಲ್ಲ! ಕೆಲವೇ ನಿಮಿಷದಲ್ಲಿ ಮಾತಾಡಿದ, ಎತ್ತಿನ ಗಾಡಿಯಲ್ಲಿ ಎದ್ದು ಕೂತೇ ಊರಿಗೆ ಬಂದ, ಡಾಕ್ಟರಿಗೆ ನಡೆದದ್ದನ್ನು ತಾನೇ ಹೇಳಿದ. ಗಾಯ ಮಾಯಿತು. ಆದರೆ ನಂಬಿಕಸ್ಥನಾಗಿದ್ದ ಮೇಸ್ತ್ರಿ ಈಗ ಮುಂಗೋಪಿ, ಚಂಚಲ, ಬಾಯಿಗೆ ಬಂದಂತೆ ಬೈಯುವವನಾಗಿದ್ದ ಎಂದು ಅವನಿಗೆ ಚಿಕಿತ್ಸೆ ನೀಡಿದ ಡಾಕ್ಟರ್ ಜಾನ್ ಹಾರ್ಲೊ ಬರೆದಿಟ್ಟರು. ಕಂಪನಿ ಅವನನ್ನು ಮತ್ತೆ ಆ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ಕಥೆ ನಿಲ್ಲಿಸುತ್ತವೆ. ನಿಲ್ಲಿಸಬಾರದು! ಏಕೆಂದರೆ 1852ರಲ್ಲಿ ಗೇಜ್ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋದ. ವಾಲ್ಪರೈಸೊದಿಂದ ಸ್ಯಾಂಟಿಯಾಗೊಗೆ ಹೋಗುವ ಪ್ರಯಾಣಿಕರ ಸಾರೋಟಿನ ಸಾರಥಿಯಾದ. ಅದಕ್ಕೆ ಕಟ್ಟುತ್ತಿದ್ದದ್ದು ಆರು ಕುದುರೆ! ಮಿದುಳಿನ ಮುಂಭಾಗದಲ್ಲಿ ತೂತಾದ ಮನುಷ್ಯ ವರ್ಷಗಟ್ಟಲೆ ಆರು ಕುದುರೆಗಳ ಲಗಾಮು ಹಿಡಿದು, ಜನರನ್ನು ಕೂರಿಸಿಕೊಂಡು, ಹೊತ್ತಿಗೆ ಸರಿಯಾಗಿ ಓಡಿಸಿದ. ಅಲ್ಲೊಂದು ಕಟ್ಟುನಿಟ್ಟಾದ ದಿನಚರಿಯಿತ್ತು, ನೋಡಿಕೊಳ್ಳಬೇಕಾದ ಪ್ರಾಣಿಗಳಿದ್ದವು. ಮನುಷ್ಯ ಒಂದಷ್ಟು ಮಟ್ಟಿಗೆ ತನ್ನನ್ನು ತಾನೇ ಮತ್ತೆ ಕಟ್ಟಿಕೊಂಡ ಎಂದು ಈಚಿನ ವಿದ್ವಾಂಸರು ವಾದಿಸುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. 1860ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಪಸ್ಮಾರ ಬಂದು ಅವನು ತೀರಿಕೊಂಡ. 2009ರಲ್ಲಿ ಅವನದೊಂದು ಹಳೆಯ ಭಾವಚಿತ್ರದ ಗುರುತು ಸಿಕ್ಕಿತು. ಎಡಗಣ್ಣು ಮುಚ್ಚಿದೆ, ಬಟ್ಟೆ ಚೊಕ್ಕಟವಾಗಿದೆ, ಕೈಯಲ್ಲಿ ಅದೇ ಸಲಾಕೆ! ಎಂಥ ದಿಟ್ಟ ನಿಲುವು ಅದು. ಅವನ ತಲೆಬುರುಡೆ, ಸಲಾಕೆ ಎರಡೂ ಹಾರ್ವರ್ಡ್‌ನ ವಾರೆನ್ ಸಂಗ್ರಹಾಲಯದಲ್ಲಿವೆ. 1994ರಲ್ಲಿ ಹಾನಾ ಡಮಾಸಿಯೊ ಮತ್ತು ಸಂಗಡಿಗರು ಆ ಬುರುಡೆಯ ಅಳತೆ ಹಿಡಿದು ಕಂಪ್ಯೂಟರಿನಲ್ಲಿ ಸಲಾಕೆಯ ದಾರಿ ಗುರುತಿಸಿದರು. ಎಷ್ಟು ಭಾಗ ಹಾಳಾಗಿತ್ತೆಂಬ ಚರ್ಚೆ ಆಮೇಲೂ ನಡೆದಿದೆ, ಆದರೆ ಹಣೆಯ ಹಿಂದಿನ ಆ ನೆರೆಹೊರೆಯ ಬಗ್ಗೆ ತಕರಾರಿಲ್ಲ.

ಈಗ ಬರುತ್ತದೆ ನೋಡಿ, ನನ್ನ ನಿದ್ದೆ ಕೆಡಿಸಿದ ಪ್ರಯೋಗ.

ಡಮಾಸಿಯೊ ಪ್ರಯೋಗಾಲಯದ ಆಂಟ್ವಾನ್ ಬೆಚಾರಾ ಒಂದು ಇಸ್ಪೀಟಿನ ಆಟ ಕಟ್ಟಿದರು. ಮೇಜಿನ ಮೇಲೆ ನಾಲ್ಕು ಕಟ್ಟು. ಆಡುವವರ ಕೈಗೆ ಸಾಲವಾಗಿ 2000 ಡಾಲರ್, ಆಟದ ದುಡ್ಡು. ಯಾವ ಕಟ್ಟಿನಿಂದಾದರೂ ಎಲೆ ಎತ್ತಿ, ದುಡ್ಡು ಹೆಚ್ಚಿಸಿಕೊಳ್ಳಿ. ಎರಡು ಕಟ್ಟುಗಳಲ್ಲಿ ಎಲೆ ಎತ್ತಿದರೆ 100 ಡಾಲರ್, ಉಳಿದೆರಡರಲ್ಲಿ ಬರೀ 50. ಆದರೆ ನಡುನಡುವೆ ದಂಡವೂ ಬೀಳುತ್ತದೆ. ನೂರರ ಕಟ್ಟುಗಳಲ್ಲಿ ದಂಡ ಭಾರಿ, ಹತ್ತು ಎಲೆ ಎತ್ತುವಷ್ಟರಲ್ಲಿ ಒಟ್ಟು 250 ಡಾಲರ್ ನಷ್ಟ. ಐವತ್ತರ ಕಟ್ಟುಗಳಲ್ಲಿ ದಂಡ ಹಗುರ, ಹತ್ತು ಎಲೆಗೆ 250 ಡಾಲರ್ ಲಾಭ. ಇದನ್ನು ಆಡುವವರಿಗೆ ಹೇಳಿರುವುದಿಲ್ಲ, ಬಾಯಿಲೆಕ್ಕ ಹಾಕಿ ಹಿಡಿಯಲು ಆಗದಷ್ಟು ಗೋಜಲಾಗಿ ಎಲೆಗಳನ್ನು ಜೋಡಿಸಿರುತ್ತಾರೆ. ಆಟ ನೂರು ಎಲೆಗೆ ಮುಗಿಯುತ್ತದೆಂಬುದೂ ಗೊತ್ತಿರುವುದಿಲ್ಲ.

ಅವರ ಅಂಗೈಗೆ ಎರಡು ಸಣ್ಣ ತಂತಿ. ಬೆವರುಗ್ರಂಥಿ ಒಂದಿಷ್ಟೇ ಇಷ್ಟು ಒಸರಿದರೂ ಸಾಕು, ಚರ್ಮದಲ್ಲಿ ವಿದ್ಯುತ್ ಹರಿಯುವ ರೀತಿ ಬದಲಾಗುತ್ತದೆ, ಯಂತ್ರ ಗುರುತಿಸುತ್ತದೆ. ಕಣ್ಣಿಗೆ ಕಾಣದ ಬೆವರು ಅದು. ಆಡುವವರಿಗೇ ತಿಳಿಯುವುದಿಲ್ಲ.

1997ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಇದು. ಹತ್ತಿಪ್ಪತ್ತು ಎಲೆ ಆಡುವಷ್ಟರಲ್ಲಿ, ಎರಡು ಮೂರು ದಂಡದ ರುಚಿ ಕಂಡ ಮೇಲೆ, ಮಿದುಳು ನೆಟ್ಟಗಿದ್ದವರ ಅಂಗೈ ಕೆಟ್ಟ ಕಟ್ಟಿನ ಕಡೆ ಚಾಚುವ ಮುಂಚೆಯೇ ಬೆವರತೊಡಗಿತು. ಎಲೆ ಎತ್ತಿದ ಮೇಲಲ್ಲ, ಎತ್ತುವ ಮುಂಚೆ! ಆ ಹೊತ್ತಿನಲ್ಲಿ ಅವರನ್ನು ಕೇಳಿದರೆ, ಏನು ನಡೆಯುತ್ತಿದೆಯೋ ಗೊತ್ತಿಲ್ಲ ಎನ್ನುತ್ತಿದ್ದರು. ಐವತ್ತನೆಯ ಎಲೆಯ ಹೊತ್ತಿಗೆ, ಯಾಕೋ ಈ ಎರಡು ಕಟ್ಟು ಸರಿಯಿಲ್ಲ ಎಂಬ ಗುಮಾನಿ. ಎಂಬತ್ತರ ಸುಮಾರಿಗೆ ಹೆಚ್ಚಿನವರು ಕಾರಣ ಬಿಡಿಸಿ ಹೇಳಬಲ್ಲವರಾದರು. ಹತ್ತು ಜನರಲ್ಲಿ ಮೂವರು ಕೊನೆಯವರೆಗೂ ಕಾರಣ ಹೇಳಲಾರದೇ ಹೋದರು, ಆದರೂ ಒಳ್ಳೆಯ ಕಟ್ಟಿನಿಂದಲೇ ಎಲೆ ಎತ್ತಿದರು!

ಹಣೆಯ ಹಿಂದೆ ಪೆಟ್ಟಾದ ರೋಗಿಗಳು? ದಂಡ ಬಿದ್ದಾಗ ಅವರ ಅಂಗೈಯೂ ಬೆವರುತ್ತಿತ್ತು. ಎಲೆಗೆ ಕೈ ಚಾಚುವ ಮುಂಚಿನ ಆ ಎಚ್ಚರಿಕೆಯ ಬೆವರು ಮಾತ್ರ ಅವರಲ್ಲಿ ಇರಲೇ ಇಲ್ಲ. ಅವರಲ್ಲಿ ಅರ್ಧದಷ್ಟು ಜನ ಯಾವ ಕಟ್ಟು ಕೆಟ್ಟದ್ದು, ಯಾಕೆ ಕೆಟ್ಟದ್ದು ಎಂದು ಸರಿಯಾಗಿ ಹೇಳಿದರು. ಹೇಳಿ ಅದೇ ಕೆಟ್ಟ ಕಟ್ಟಿಗೆ ಕೈ ಹಾಕಿದರು! ಒಂದು ಕಡೆ ಕಾರಣ ಗೊತ್ತಿಲ್ಲದೆ ಗೆದ್ದವರು, ಇನ್ನೊಂದು ಕಡೆ ಕಾರಣ ಗೊತ್ತಿದ್ದೂ ಸೋತವರು. ಇದನ್ನು ಓದಿ ಬೆಚ್ಚಿಬೀಳದವರು ಯಾರು?

ಪ್ರಶ್ನೆಗಳೂ ಬಂದವು, ಬರಬೇಕಾದದ್ದೇ. 2004ರಲ್ಲಿ ಟಿಯಾಗೊ ಮಾಯಾ ಮತ್ತು ಜೇಮ್ಸ್ ಮೆಕ್‌ಕ್ಲೆಲಂಡ್ ಇನ್ನೂ ಸೂಕ್ಷ್ಮವಾಗಿ ಪ್ರಶ್ನೆ ಕೇಳುತ್ತ ಆಡಿಸಿ ನೋಡಿದರು. ಆಡುವವರಿಗೆ ನಾವು ಅಂದುಕೊಂಡದ್ದಕ್ಕಿಂತ ಬೇಗ, ಅರಿವಿನ ಮಟ್ಟದಲ್ಲೇ ತಕ್ಕಷ್ಟು ಗೊತ್ತಿರುತ್ತದೆ ಎಂದು ತೋರಿಸಿದರು. ಹಾಗಾಗಿ ಅಂಗೈಗೆ ಬುದ್ಧಿಗಿಂತ ಎಷ್ಟು ಮುಂಚೆ ಗೊತ್ತಾಗುತ್ತದೆ ಎಂಬ ವಾದ ಇನ್ನೂ ಬಗೆಹರಿದಿಲ್ಲ. ಬಗೆಹರಿಯದ ಈ ಭಾಗವೂ ನನಗೆ ಹಿಡಿಸುತ್ತದೆ. ಏನೇ ಇರಲಿ, ಕಾರಣ ಬಾಯಲ್ಲಿದ್ದೂ ಕೈ ತಡೆಯದ ಆ ರೋಗಿಗಳು ಕಣ್ಣೆದುರಿಗೇ ಇದ್ದಾರೆ.

ಇದೇ ಅಂಗೈ ಬೆವರು ಇನ್ನೊಂದು ಬಾಗಿಲನ್ನೂ ತೆರೆಯಿತು. ಕಾಪ್‌ಗ್ರಾಸ್ ಭ್ರಮೆ ಎಂಬ ಅಪರೂಪದ ಕಾಯಿಲೆಯಿದೆ. ಬಂದವರು ಸ್ವಂತ ತಾಯಿಯನ್ನು ನೋಡಿ, ಇವಳು ಥೇಟ್ ನನ್ನಮ್ಮನ ಹಾಗೇ ಇದ್ದಾಳೆ, ಆದರೆ ನನ್ನಮ್ಮನಲ್ಲ, ಯಾರೋ ವೇಷ ಹಾಕಿಕೊಂಡು ಬಂದಿದ್ದಾಳೆ ಎನ್ನುತ್ತಾರೆ. ತಮಿಳುನಾಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಮತ್ತು ವಿಲಿಯಂ ಹರ್ಸ್ಟೈನ್ ಇಂಥ ಒಬ್ಬ ಯುವಕನನ್ನು ಪರೀಕ್ಷಿಸಿ 1997ರಲ್ಲಿ ಬರೆದರು. ಅಪಘಾತದಲ್ಲಿ ತಲೆಗೆ ಪೆಟ್ಟಾಗಿದ್ದ ಆತ ತಂದೆತಾಯಿಯನ್ನು ಎದುರಿಗೆ ಕಂಡರೆ ಒಪ್ಪುತ್ತಿರಲಿಲ್ಲ, ಫೋನಿನಲ್ಲಿ ದನಿ ಕೇಳಿದರೆ ತಕ್ಷಣ ಗುರುತಿಸುತ್ತಿದ್ದ! ಅವರ ಫೋಟೊ ತೋರಿಸಿದಾಗ ನಮ್ಮ ನಿಮ್ಮ ಅಂಗೈ ಬೆವರುವ ಹಾಗೆ ಅವನ ಅಂಗೈ ಬೆವರಲಿಲ್ಲ. ಕಣ್ಣು ಮುಖವನ್ನು ಗುರುತಿಸಿತು, ಅದರ ಹಿಂದೆಯೇ ಬರಬೇಕಿದ್ದ ಅಕ್ಕರೆ ಬರಲಿಲ್ಲ. ಇವಳು ನನ್ನ ತಾಯಿಯಾಗಿದ್ದರೆ ಹೀಗೆ ಬರಡೆನಿಸುತ್ತಿತ್ತೇ? ಎನಿಸುತ್ತಿರಲಿಲ್ಲ. ಅಂದಮೇಲೆ ಇವಳು ತಾಯಿಯಲ್ಲ. ತರ್ಕ ಎಷ್ಟು ನೆಟ್ಟಗಿದೆ, ತೀರ್ಮಾನ ಎಷ್ಟು ಭಯಂಕರ! ರಾಮಚಂದ್ರನ್ ಮತ್ತು ಹರ್ಸ್ಟೈನ್ ಅವರ ವಿವರಣೆ ಇದು.

ಇದರ ಕನ್ನಡಿಬಿಂಬವೂ ಇದೆ, ಅದನ್ನು ಕಂಡವರು ಮತ್ತೆ ಅಯೋವಾದವರೇ. ಮಿದುಳಿನ ಬೇರೊಂದು ಭಾಗ ಕೆಟ್ಟವರು ಯಾರ ಮುಖವನ್ನೂ ಗುರುತಿಸಲಾರರು, ಮನೆಯವರದೂ ಪರಿಚಯವಿಲ್ಲದ ಮುಖವೇ. ಡೇನಿಯಲ್ ಟ್ರಾನೆಲ್ ಮತ್ತು ಡಮಾಸಿಯೊ 1985ರಲ್ಲಿ ಅಂಥವರಿಗೆ ಫೋಟೊಗಳನ್ನು ತೋರಿಸಿದರು. ಯಾರೋ ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ ಎನ್ನುತ್ತ ಹೋದರು. ಆದರೆ ತಮ್ಮವರ ಮುಖ ಬಂದಾಗಲೆಲ್ಲ ಅಂಗೈ ಬೆವರಿತು! ಬಾಯಿ ಅಪರಿಚಿತರು ಎನ್ನುತ್ತಿದೆ, ಮೈ ನಮ್ಮವರು ಎನ್ನುತ್ತಿದೆ.

ಅದಕ್ಕೂ ಎಷ್ಟೋ ಮೊದಲು, 1911ರಲ್ಲಿ, ಜಿನೀವಾದ ಎಡ್ವರ್ಡ್ ಕ್ಲಾಪರೇಡ್ ನೆನಪು ನಿಲ್ಲದ ಹೆಂಗಸೊಬ್ಬಳ ಕೈ ಕುಲುಕುವಾಗ ಬೆರಳ ಸಂದಿನಲ್ಲಿ ಗುಂಡುಸೂಜಿ ಇಟ್ಟುಕೊಂಡು ಚುಚ್ಚಿದ್ದರು. ಆಕೆ ಅದನ್ನು ಮರೆತಳು. ಮುಂದಿನ ಸಲ ಅವರು ಕೈ ಚಾಚಿದರೆ, ಕಾರಣ ಹೇಳಲಾಗದೆಯೂ, ತನ್ನ ಕೈ ಹಿಂದಕ್ಕೆಳೆದುಕೊಂಡಳು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಂದು ಮಿದುಳು ಸಂಗ್ರಹಾಲಯವಿದೆ, ನೋಡಲು ಬಂದವರಿಗೆ ನಿಜವಾದ ಮಿದುಳನ್ನೇ ಮುಟ್ಟಿ ನೋಡುವ ಅವಕಾಶವಿದೆ. ಹೋಗಿಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಒಂದೂಕಾಲು ಒಂದೂವರೆ ಕಿಲೋ ತೂಗುವ ಈ ಮುದ್ದೆಯ ಮುಂಭಾಗದಲ್ಲಿ, ಕಣ್ಣುಗುಡ್ಡೆಗಳ ಗೂಡಿನ ಚಾವಣಿಯ ಮೇಲೆ ಒರಗುವ ಭಾಗ ಯಾವುದೆಂದು ಕೇಳಿ ನೋಡಿಕೊಳ್ಳಿ. ಎಲಿಯಟ್ ಕಳೆದುಕೊಂಡದ್ದು ಅದರ ಸುತ್ತಮುತ್ತಲಿನ ಜಾಗವನ್ನು. ಎದೆ, ಹೊಟ್ಟೆ, ಚರ್ಮದಿಂದ ಹೊರಟ ಸುದ್ದಿ ಹಂತಹಂತವಾಗಿ ಮೇಲೇರಿ, ಯೋಚನೆಯ ಎಳೆಗಳನ್ನು ಕೂಡಿಕೊಳ್ಳುವ ಕೂಡಲಸಂಗಮ ಅದು. ಸುದ್ದಿ ಎಂದರೆ ಸಣ್ಣ ಪ್ರಮಾಣದ್ದಲ್ಲ. ಮಿದುಳಿನ ಬುಡದಿಂದ ಎದೆ ಹೊಟ್ಟೆಗಳಿಗೆ ಇಳಿಯುವ ವೇಗಸ್ ನರವಿದೆಯಲ್ಲ, ಅದರ ಎಳೆಗಳಲ್ಲಿ ಶೇಕಡ 80ರಷ್ಟು ಇರುವುದು ಮೇಲಿನ ಅಪ್ಪಣೆಯನ್ನು ಕೆಳಕ್ಕೆ ಒಯ್ಯಲಿಕ್ಕಲ್ಲ, ಕೆಳಗಿನ ಸುದ್ದಿಯನ್ನು ಮೇಲಕ್ಕೆ ತಲುಪಿಸಲಿಕ್ಕೆ! ನಾವು ಕಣ್ಣುಮುಚ್ಚಿ ಗಹನವಾಗಿ ಯೋಚಿಸುತ್ತ ಕೂತಾಗಲೂ ಹೊಟ್ಟೆ ಮಿದುಳಿಗೆ ಏನೇನೋ ಹೇಳುತ್ತಲೇ ಇರುತ್ತದೆ.

ಇರಲಿ, ಆಯ್ಕೆ, ಜೂಜು, ನಂಟು, ಇವೆಲ್ಲ ಬದುಕಿನ ವ್ಯವಹಾರ, ಇಲ್ಲಿ ಭಾವನೆಗೆ ಕೆಲಸವಿರಬಹುದು. ಗಣಿತದಲ್ಲಿ? ಬೆವರು, ಅಳುಕು, ಅಕ್ಕರೆ ಯಾವುದೂ ಸೋಕದ ಶುದ್ಧ ಬುದ್ಧಿಯ ಲೋಕವೆಂದರೆ ಅದೇ ತಾನೆ? ನಾನೂ ಹಾಗೇ ಕೇಳಿಕೊಂಡೆ. ಉತ್ತರ 2014ರಲ್ಲಿ ಬಂದಿತ್ತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ನರವಿಜ್ಞಾನಿ ಸೆಮಿರ್ ಝೆಕಿ ಮತ್ತು ಜಗತ್ಪ್ರಸಿದ್ಧ ಗಣಿತಜ್ಞ ಮೈಕೆಲ್ ಅಟಿಯಾ ಸೇರಿ ಸಂಗಡಿಗರೊಂದಿಗೆ 15 ಗಣಿತಜ್ಞರನ್ನು ಸ್ಕ್ಯಾನರಿನಲ್ಲಿ ಮಲಗಿಸಿ 60 ಸೂತ್ರಗಳನ್ನು ತೋರಿಸಿದರು. ಯಾವುದು ಸುಂದರ, ಯಾವುದು ಕುರೂಪ, ಯಾವುದು ಎರಡೂ ಅಲ್ಲ? ಸುಂದರವೆನಿಸಿದ ಸೂತ್ರ ಕಂಡಾಗ ಮಿದುಳಿನಲ್ಲಿ ಚುರುಕಾದ ಜಾಗ ಯಾವುದು ಗೊತ್ತೇ? ಹಣೆಯ ಹಿಂದೆ, ಕಣ್ಣಿನ ಮೇಲೆ, ನಡುಗೆರೆಯ ಪಕ್ಕ. ಸಂಗೀತ ಕೇಳಿ, ಚಿತ್ರ ನೋಡಿ ಮನಸ್ಸು ತುಂಬಿದಾಗ ಚುರುಕಾಗುವ ಅದೇ ಜಾಗ! ಎಲಿಯಟ್‌ನಲ್ಲಿ ಪೆಟ್ಟಾಗಿದ್ದ ಅದೇ ನೆರೆಹೊರೆ! ಅತಿ ಸುಂದರವೆಂದು ಹೆಚ್ಚು ಜನ ಒಪ್ಪಿದ್ದು ಆಯ್ಲರನ ಸಮೀಕರಣವನ್ನು. ಇ, ಐ, ಪೈ, ಒಂದು, ಸೊನ್ನೆ, ಈ ಐದನ್ನು ಒಂದೇ ಗೆರೆಯಲ್ಲಿ ಕೂಡಿಸುವ ಪುಟ್ಟ ಸೂತ್ರ ಅದು.

ಅತಿ ಕುರೂಪವೆಂದು ಹೆಚ್ಚು ಜನ ಗುರುತಿಸಿದ್ದು ಯಾವುದನ್ನು? ನಮ್ಮ ಶ್ರೀನಿವಾಸ ರಾಮಾನುಜನ್ ಅವರ ಸೂತ್ರವನ್ನು!

ಒಂದನ್ನು ಪೈಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ರಾಮಾನುಜನ್ 1914ರಲ್ಲಿ ಪ್ರಕಟಿಸಿದ ಅನಂತ ಶ್ರೇಣಿ ಅದು. 9801, 1103, 26390, 396 ಎಂದು ಎಲ್ಲಿಂದ ಬಂದವೆಂದೇ ತಿಳಿಯದ ಸಂಖ್ಯೆಗಳು ಅದರ ತುಂಬ ಚೆಲ್ಲಿಕೊಂಡಿವೆ. ಕಣ್ಣಿಗೆ ಹಿತವಲ್ಲ, ನಿಜ. ಆದರೆ ಅದರ ಒಂದೊಂದು ಪದ ಕೂಡಿಸಿದಾಗಲೂ ಪೈನ ಎಂಟೆಂಟು ಹೊಸ ಅಂಕಿಗಳು ಉದುರುತ್ತವೆ. 1985ರಲ್ಲಿ ಅಮೆರಿಕದ ಬಿಲ್ ಗಾಸ್ಪರ್ ಆ ಸೂತ್ರವನ್ನು ನೆಚ್ಚಿ ಕಂಪ್ಯೂಟರಿಗೆ ಹಾಕಿ, ಪೈನ ಒಂದು ಕೋಟಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಅಂಕಿ ತೆಗೆದರು. ಅದು ಆ ಕಾಲದ ದಾಖಲೆ. ಸೂತ್ರ ಸರಿಯೆಂಬುದಕ್ಕೆ ಆಗಿನ್ನೂ ಪೂರ್ತಿ ಸಾಧನೆ ಪ್ರಕಟವಾಗಿರಲಿಲ್ಲ. ಅದನ್ನು ಜೊನಾಥನ್ ಮತ್ತು ಪೀಟರ್ ಬೋರ್ವೈನ್ ಸಹೋದರರು ಪ್ರಕಟಿಸಿದ್ದು 1987ರಲ್ಲಿ, ರಾಮಾನುಜನ್ ಪ್ರಕಟಿಸಿ 73 ವರ್ಷಗಳ ಮೇಲೆ.